ಕೇಂಬ್ರಿಜ್‌ನ ವಿದ್ಯಾರ್ಥಿ ಕ್ರೈಸ್ತ ಸಂಘ ‘ಕಿಕ್ಯು’: ಪದೇ ಪದೇ ಕೇಳುವ ಪ್ರಶ್ನೆಗಳು

ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದವರಿಗೆ ಅಕ್ಟೋಬರ್ ತಿಂಗಳ ಆರಂಭದಲ್ಲೇ ನೂರಾರು ವಿದ್ಯಾರ್ಥಿ ಸಂಘಗಳ ಪರಿಚಯವಾಗುತ್ತದೆ. ದೋಣಿ ಸ್ಪರ್ಧೆಯವರು, ನಾಟಕದವರು, ಚರ್ಚಾಕೂಟದವರು ಮೇಜು ಹಾಕಿಕೊಂಡು ಕುಳಿತಿರುವ ಮೇಳದಲ್ಲಿ ಕ್ರೈಸ್ತ ವಿದ್ಯಾರ್ಥಿ ಸಂಘವೂ ಇರುತ್ತದೆ. ಅಲ್ಲಿಗೆ ಓದಲು ಹೋಗುವ ಕನ್ನಡದ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಇಲ್ಲಿನ ಕ್ರೈಸ್ತ ಯುವಜನರಿಗೂ ಈ ಸಂಘದ ಬಗ್ಗೆ ಮೂಡಬಹುದಾದ ಪ್ರಶ್ನೆಗಳಿಗೆ ಮುಂದೆ ಉತ್ತರಗಳಿವೆ. ಇವು ಸಂಘದ ಪರವಾಗಿ ಬರೆದವಲ್ಲ, ಅದರ ವಿರುದ್ಧವಾಗಿ ಬರೆದವೂ ಅಲ್ಲ.

ಕಿಕ್ಯು ಎಂದರೆ ಏನು?

ಕೇಂಬ್ರಿಜ್ ಇಂಟರ್ ಕಲೀಜಿಯೇಟ್ ಕ್ರಿಶ್ಚಿಯನ್ ಯೂನಿಯನ್ ಎಂಬ ಉದ್ದದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ವಿದ್ಯಾರ್ಥಿಗಳು ಈ ಸಂಘವನ್ನು ‘ಕಿಕ್ಯು’ ಎಂದು ಕರೆಯುತ್ತಾರೆ. 1877ರಲ್ಲಿ ಸ್ಥಾಪನೆಯಾದ ಇದು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ನಡೆಸುವ ಕ್ರೈಸ್ತ ಸಂಘಗಳಲ್ಲಿ ಬಹಳ ಹಳೆಯದು. ಆಕ್ಸ್‌ಫರ್ಡ್‌ನಲ್ಲಿ ಇದೇ ಬಗೆಯ ಸಂಘ ಎರಡು ವರ್ಷಗಳ ನಂತರ, 1879ರಲ್ಲಿ ಹುಟ್ಟಿತು. ಕೇಂಬ್ರಿಜ್‌ನಲ್ಲಿ ಈಗ 31 ಕಾಲೇಜುಗಳಿದ್ದು, ಪ್ರತಿ ವಿದ್ಯಾರ್ಥಿಯೂ ಅವುಗಳಲ್ಲಿ ಒಂದಕ್ಕೆ ಸೇರಿರುತ್ತಾನೆ. ಊಟ, ವಾಸ, ಗೆಳೆತನಗಳೆಲ್ಲ ಅಲ್ಲಿಯೇ. ಆದ್ದರಿಂದ ಸಂಘದ ಕೆಲಸವೂ ಎರಡು ನೆಲೆಗಳಲ್ಲಿ ನಡೆಯುತ್ತದೆ: ಆಯಾ ಕಾಲೇಜಿನ ಸಣ್ಣ ಗುಂಪು ಒಂದು, ಎಲ್ಲ ಕಾಲೇಜುಗಳವರೂ ಸೇರುವ ದೊಡ್ಡ ಕೂಟ ಇನ್ನೊಂದು.

ವಿದ್ಯಾರ್ಥಿಗಳೇ ನಡೆಸುತ್ತಾರೆ ಎಂಬುದು ಎಷ್ಟರ ಮಟ್ಟಿಗೆ ನಿಜ?

ಬಹುಮಟ್ಟಿಗೆ ನಿಜ. ಸಂಘದ ಅಧ್ಯಕ್ಷರಿಂದ ಹಿಡಿದು ಕಾಲೇಜು ಗುಂಪಿನಲ್ಲಿ ಸತ್ಯವೇದದ, ಅಂದರೆ ಬೈಬಲಿನ, ಅಧ್ಯಯನ ನಡೆಸುವವರವರೆಗೆ ಎಲ್ಲರೂ ವಿದ್ಯಾರ್ಥಿಗಳೇ. ಭಾಷಣಕ್ಕೆ ಯಾರನ್ನು ಕರೆಯಬೇಕು, ಹಣವನ್ನು ಹೇಗೆ ಹೊಂದಿಸಬೇಕು, ಸಭಾಂಗಣವನ್ನು ಎಲ್ಲಿ ಗೊತ್ತುಮಾಡಬೇಕು ಎಂಬುದನ್ನೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಕುಳಿತು ತೀರ್ಮಾನಿಸುತ್ತಾರೆ. ಊರಿನ ಸಭೆಗಳ (ಚರ್ಚುಗಳ) ಪಾಲಕರಾದ ಪಾದ್ರಿಗಳೂ ಯುಸಿಸಿಎಫ್ ಎಂಬ ರಾಷ್ಟ್ರೀಯ ಒಕ್ಕೂಟದ ಕಾರ್ಯಕರ್ತರೂ ಸಲಹೆ ನೀಡುತ್ತಾರೆ, ತರಬೇತಿ ನೀಡುತ್ತಾರೆ, ಆದರೆ ಆಜ್ಞೆ ಮಾಡುವುದಿಲ್ಲ.

ಇಲ್ಲೊಂದು ವಿಚಿತ್ರ ಗಮನಿಸಬೇಕು. ಪದಾಧಿಕಾರಿಗಳ ಅವಧಿ ಒಂದೇ ವರ್ಷ. ಪದವಿ ವ್ಯಾಸಂಗ ಸಾಮಾನ್ಯವಾಗಿ ಮೂರೇ ವರ್ಷ. ಅಂದರೆ ಮೂರು ನಾಲ್ಕು ವರ್ಷಗಳಿಗೊಮ್ಮೆ ಸಂಘದ ಬಹುತೇಕ ಮುಖಗಳೆಲ್ಲ ಹೊಸವಾಗುತ್ತವೆ. ಹೀಗಿದ್ದೂ ಒಂದೂವರೆ ಶತಮಾನದ ಕಾಲ ಅದು ಹೆಚ್ಚುಕಡಿಮೆ ಒಂದೇ ಮಾತನ್ನು ಆಡುತ್ತ ಬಂದಿದೆ. ವ್ಯಕ್ತಿಗಳು ನಿಲ್ಲದ ಕಡೆ ಬರೆದಿಟ್ಟ ನಂಬಿಕೆಯ ಹೇಳಿಕೆಯೇ ನಿಲ್ಲಬೇಕಾಗುತ್ತದೆ ಎಂಬುದು ಇದಕ್ಕೆ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ. ಸಂಘದ ಶಕ್ತಿಯೂ ಅದರ ಜಗಳಗಳೂ ಹುಟ್ಟುವುದು ಇಲ್ಲಿಂದಲೇ. ಕೆಲವೊಮ್ಮೆ ಒಬ್ಬ ಹಿರಿಯರು ದೀರ್ಘಕಾಲ ಜೊತೆಗಿದ್ದದ್ದೂ ಉಂಟು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅಧಿಕಾರಿಯಾಗಿದ್ದ ಬೇಸಿಲ್ ಅಟ್ಕಿನ್ಸನ್ ಹಲವು ದಶಕಗಳ ಕಾಲ ಯಾವ ಪದವಿಯ ಹಂಗೂ ಇಲ್ಲದೆ ವಿದ್ಯಾರ್ಥಿಗಳಿಗೆ ಬೆನ್ನೆಲುಬಾಗಿದ್ದರು.

ಸಂಘ ಹುಟ್ಟಿದ್ದು ಹೇಗೆ?

ಕಥೆ 1877ಕ್ಕಿಂತ ಬಹಳ ಹಿಂದೆ ಆರಂಭವಾಗುತ್ತದೆ. ಚಾರ್ಲ್ಸ್ ಸಿಮಿಯನ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕೇಂಬ್ರಿಜ್‌ನ ಹೋಲಿ ಟ್ರಿನಿಟಿ ದೇವಾಲಯದ ಪಾಲಕರಾದಾಗ ಅಲ್ಲಿನ ಸಭಿಕರಿಗೆ ಅವರು ಬೇಡವಾಗಿದ್ದರು. ತಮ್ಮ ತಮ್ಮ ಆಸನಗಳಿಗೆ ಬೀಗ ಹಾಕಿ ಹೋಗುತ್ತಿದ್ದರಂತೆ. ಪ್ರಸಂಗ ಕೇಳಲು ಬಂದವರು ನಿಂತೇ ಕೇಳಬೇಕಿತ್ತು. ಸಿಮಿಯನ್ ಅಲ್ಲಿಂದ ಕದಲಲಿಲ್ಲ. 1836ರಲ್ಲಿ ತೀರಿಕೊಳ್ಳುವವರೆಗೂ ಅದೇ ದೇವಾಲಯದಲ್ಲಿದ್ದು, ತಮ್ಮ ಕೋಣೆಗಳಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಚಹಾ ಕೊಟ್ಟು ಅವರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಅವರ ಸಹಾಯಕರಾಗಿದ್ದ ಹೆನ್ರಿ ಮಾರ್ಟಿನ್ 1801ರಲ್ಲಿ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದಿದ್ದ ಪ್ರತಿಭಾವಂತ. 1806ರಲ್ಲಿ ಭಾರತಕ್ಕೆ ಬಂದು, ದಾನಾಪುರ ಮತ್ತು ಕಾನ್ಪುರಗಳಲ್ಲಿದ್ದುಕೊಂಡು ಹೊಸ ಒಡಂಬಡಿಕೆಯನ್ನು ಉರ್ದುವಿಗೆ ಅನುವಾದಿಸಿದರು. ಪಾರಸಿ ಅನುವಾದದ ಕೆಲಸಕ್ಕಾಗಿ ಇರಾನಿಗೂ ಹೋಗಿ, 1812ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ತುರ್ಕಿಯ ತೋಕಾತ್‌ನಲ್ಲಿ ತೀರಿಕೊಂಡರು.

ಮುಂದಿನ ಪೀಳಿಗೆಯಲ್ಲಿ ಉಪಕ್ರಮ ವಿದ್ಯಾರ್ಥಿಗಳ ಕೈಗೆ ಬಂತು. 1827ರಲ್ಲಿ ಕೆಲವು ವಿದ್ಯಾರ್ಥಿಗಳು ಬಡ ಮಕ್ಕಳಿಗಾಗಿ ಜೀಸಸ್ ಲೇನ್ ಭಾನುವಾರ ಶಾಲೆಯನ್ನು ತೆರೆದರು. 1862ರಲ್ಲಿ ದಿನನಿತ್ಯದ ಪ್ರಾರ್ಥನಾಕೂಟ ಆರಂಭವಾಯಿತು. ಆಗಿನ ಕಾಲೇಜುಗಳಲ್ಲಿ ಆರಾಧನೆಗೆ ಹಾಜರಾಗುವುದು ಕಡ್ಡಾಯ. ಹಾಜರಿ ಹಿಡಿಯುತ್ತಿದ್ದರು ಕೂಡ. 1871ರ ಕಾನೂನು ಬರುವವರೆಗೆ ಆಂಗ್ಲಿಕನ್ ಸಭೆಯವರಲ್ಲದವರಿಗೆ ವಿಶ್ವವಿದ್ಯಾಲಯದ ಹೆಚ್ಚಿನ ಹುದ್ದೆಗಳ ಬಾಗಿಲು ಮುಚ್ಚಿತ್ತು. ಹಾಗೆ ಕಡ್ಡಾಯವಾಗಿದ್ದ ಧರ್ಮದ ನಡುವೆ ಯಾರೂ ಬಲವಂತ ಮಾಡದ ಒಂದು ಪ್ರಾರ್ಥನೆಯನ್ನು ವಿದ್ಯಾರ್ಥಿಗಳು ತಾವಾಗಿ ಕಟ್ಟಿಕೊಂಡರು ಎಂಬುದು ಈ ಸಂಘದ ಹುಟ್ಟಿನಲ್ಲಿ ಗಮನಿಸಬೇಕಾದ ಅಂಶ. 1877ರಲ್ಲಿ ಕಾಲೇಜುಗಳಲ್ಲಿದ್ದ ಇಂಥ ಬಿಡಿ ಗುಂಪುಗಳು ಒಂದಾದವು.

ಈ ಸಂಘಕ್ಕೂ ಕ್ರಿಕೆಟ್‌ಗೂ ಸಂಬಂಧವಿದೆಯೇ?

ಇದೆ, ಅದೂ ನಮ್ಮ ನೆರೆಯ ಊಟಿಯವರೆಗೆ ಹರಿದು ಬಂದ ಸಂಬಂಧ. ಬಿಹಾರದ ತಿರ್ಹುತ್‌ನಲ್ಲಿ ನೀಲಿ (ಇಂಡಿಗೊ) ಬೆಳೆಸಿ ಸಿರಿವಂತರಾಗಿ ಇಂಗ್ಲೆಂಡಿಗೆ ಮರಳಿದ ಎಡ್ವರ್ಡ್ ಸ್ಟಡ್ ಅವರ ಮೂವರು ಮಕ್ಕಳು 1882, 1883, 1884ರಲ್ಲಿ ಒಬ್ಬರಾದ ಮೇಲೊಬ್ಬರು ಕೇಂಬ್ರಿಜ್ ಕ್ರಿಕೆಟ್ ತಂಡದ ನಾಯಕರಾದರು. ಅವರಲ್ಲಿ ಚಾರ್ಲ್ಸ್, ಅಂದರೆ ಸಿ. ಟಿ. ಸ್ಟಡ್, ಆ್ಯಶಸ್ ಎಂಬ ಹೆಸರಿಗೆ ಕಾರಣವಾದ 1882ರ ಓವಲ್ ಟೆಸ್ಟ್‌ನಲ್ಲಿ ಆಡಿದವರು. ಇಂಗ್ಲೆಂಡ್ ಏಳು ರನ್ನುಗಳಿಂದ ಸೋತಾಗ ಒಂದೂ ಚೆಂಡನ್ನು ಎದುರಿಸದೆ ಔಟಾಗದೆ ಉಳಿದಿದ್ದರು.

ಅದೇ ವರ್ಷದ ನವೆಂಬರ್‌ನಲ್ಲಿ, ಅಣ್ಣ ಕೈನಾಸ್ಟನ್ ಸ್ಟಡ್ ಮುಂದಾಳತ್ವದಲ್ಲಿ ಸಂಘವು ಅಮೆರಿಕದ ಸುವಾರ್ತಾ ಪ್ರಸಂಗಿ ಡಿ. ಎಲ್. ಮೂಡಿ ಅವರನ್ನು ಕೇಂಬ್ರಿಜ್‌ಗೆ ಕರೆಸಿತು. ಹೆಚ್ಚು ಓದಿರದ, ವ್ಯಾಕರಣ ತಪ್ಪುತ್ತಿದ್ದ ಮೂಡಿಯನ್ನು ಮೊದಲ ರಾತ್ರಿ ವಿದ್ಯಾರ್ಥಿಗಳು ನಕ್ಕು ಗೇಲಿ ಮಾಡಿದರು. ಜೊತೆಗಾರ ಸ್ಯಾಂಕಿ ಹಾಡಿದ ಭಕ್ತಿಗೀತೆಗೆ ನಾಟಕಶಾಲೆಯಲ್ಲಿ ಕೂಗುವಂತೆ ‘ಮತ್ತೊಮ್ಮೆ’ ಎಂದು ಕೂಗಿದರು. ಹಾಗೆ ಗದ್ದಲ ಮಾಡಿದವರಲ್ಲಿ ಮುಂದಾಗಿದ್ದ ಜೆರಾಲ್ಡ್ ಲ್ಯಾಂಡರ್ ಮರುದಿನ ಹೋಗಿ ಕ್ಷಮೆ ಕೇಳಿದ್ದಲ್ಲದೆ, ಮುಂದೆ ಹಾಂಗ್‌ಕಾಂಗ್‌ನಲ್ಲಿ ಬಿಷಪ್ ಕೂಡ ಆದರು. 1885ರಲ್ಲಿ ಸಿ. ಟಿ. ಸ್ಟಡ್ ಸೇರಿ ಏಳು ಮಂದಿ ಚೀನಾಕ್ಕೆ ಮಿಷನರಿಗಳಾಗಿ ಹೊರಟದ್ದು ಬ್ರಿಟನ್ನಿನಲ್ಲಿ ದೊಡ್ಡ ಸುದ್ದಿಯಾಯಿತು. ಪಿತ್ರಾರ್ಜಿತ ಆಸ್ತಿಯನ್ನೆಲ್ಲ ದಾನ ಮಾಡಿದ್ದ ಸ್ಟಡ್, 1900ರಿಂದ 1906ರವರೆಗೆ ಊಟಿಯ ಯೂನಿಯನ್ ಚರ್ಚಿನ ಪಾಲಕರಾಗಿದ್ದರು. ಆನಂತರ ಆಫ್ರಿಕದ ಕಾಂಗೋಗೆ ಹೋಗಿ 1931ರಲ್ಲಿ ಅಲ್ಲಿಯೇ ತೀರಿಕೊಂಡರು.

ಹೀಗೆ ಹೊರಟವರಲ್ಲಿ ತ್ಯಾಗವಿತ್ತು. ಅವರನ್ನು ಹೊತ್ತೊಯ್ದ ಹಡಗುಗಳ ಹಿಂದೆ ಸಾಮ್ರಾಜ್ಯವೂ ಇತ್ತು. ತಿರ್ಹುತ್‌ನ ನೀಲಿ ಬೆಳೆಗಾರ ರೈತರ ಪಾಡನ್ನು ಬಲ್ಲ ಭಾರತೀಯ ಓದುಗರಿಗೆ ಈ ಎರಡರಲ್ಲಿ ಒಂದನ್ನಷ್ಟೇ ನೆನೆಯುವುದು ಸಾಧ್ಯವಾಗದು.

1910ರಲ್ಲಿ ಒಡಕು ಬಂದದ್ದು ಏಕೆ?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್, ಅಂದರೆ ಎಸ್‌ಸಿಎಂ, ಬೆಳೆಯಿತು. ಕಿಕ್ಯು ಅದರ ಭಾಗವಾಗಿತ್ತು. ಎಲ್ಲ ಪಂಗಡಗಳ ಕ್ರೈಸ್ತ ವಿದ್ಯಾರ್ಥಿಗಳನ್ನೂ ಒಂದೇ ಸೂರಿನಡಿ ತರಬೇಕು, ಸತ್ಯವೇದದ ಐತಿಹಾಸಿಕ ವಿಮರ್ಶೆಯನ್ನು ಅಂಜದೆ ಎದುರುಗೊಳ್ಳಬೇಕು, ಬಡತನ ಮತ್ತು ಯುದ್ಧಗಳಂಥ ಸಾಮಾಜಿಕ ಪ್ರಶ್ನೆಗಳನ್ನು ಸುವಾರ್ತೆಯೊಳಗೆ ಸೇರಿಸಿಕೊಳ್ಳಬೇಕು ಎಂಬುದು ಎಸ್‌ಸಿಎಂ ನಿಲುವು. ಹೀಗೆ ವಿಶಾಲವಾಗುತ್ತ ಹೋದಂತೆ ಮೂಲ ನಂಬಿಕೆಗಳು ತೆಳುವಾಗುತ್ತವೆ ಎಂಬುದು ಕಿಕ್ಯುವಿನವರ ಆತಂಕ. 1910ರಲ್ಲಿ ಅವರು ಹೊರನಡೆದರು. ಎಡಿನ್‌ಬರೋದಲ್ಲಿ ಜಗತ್ತಿನ ಪ್ರಾಟೆಸ್ಟೆಂಟ್ ಮಿಷನರಿ ಸಂಸ್ಥೆಗಳು ಐಕ್ಯದ ಮಾತಾಡಲು ಸೇರಿದ್ದೂ ಇದೇ ವರ್ಷ.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಮತ್ತೆ ಒಂದಾಗುವ ಮಾತುಕತೆ ನಡೆಯಿತು. ಯುದ್ಧದಿಂದ ಮರಳಿದ್ದ ನಾರ್ಮನ್ ಗ್ರಬ್ ಎಂಬ ವಿದ್ಯಾರ್ಥಿ ಕಿಕ್ಯುವಿನ ಪರವಾಗಿ ಮಾತನಾಡಿದವರಲ್ಲಿ ಒಬ್ಬರು. (ಇವರೇ ಮುಂದೆ ಸಿ. ಟಿ. ಸ್ಟಡ್ ಅವರ ಅಳಿಯನಾದರು.) ಅವರು ಹೇಳಿರುವ ಪ್ರಕಾರ, ಬಹಳ ಹೊತ್ತು ಚರ್ಚಿಸಿದ ಮೇಲೆ ತಾವು ಒಂದೇ ಪ್ರಶ್ನೆ ಕೇಳಿದರು: ಪಾಪಪರಿಹಾರಕ್ಕಾಗಿ ಕ್ರಿಸ್ತನು ಸುರಿಸಿದ ರಕ್ತವು ನಿಮ್ಮ ಸಂದೇಶದ ಕೇಂದ್ರವೇ? ಅದಕ್ಕೆ ನಮ್ಮ ಬೋಧನೆಯಲ್ಲಿ ಸ್ಥಾನವಿದೆ, ಆದರೆ ಕೇಂದ್ರಸ್ಥಾನವಲ್ಲ ಎಂಬ ಉತ್ತರ ಬಂತು. ಮಾತುಕತೆ ಅಲ್ಲಿಗೆ ನಿಂತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹಲವು ವಿಶ್ವವಿದ್ಯಾಲಯಗಳ ಸಮಾನಮನಸ್ಕ ವಿದ್ಯಾರ್ಥಿಗಳು ಲಂಡನ್ನಿನಲ್ಲಿ ಸೇರಿದರು. 1928ರಲ್ಲಿ ಅದು ಇಂಟರ್ ವಾರ್ಸಿಟಿ ಫೆಲೋಶಿಪ್ ಎಂಬ ಒಕ್ಕೂಟವಾಯಿತು. ಇಂದಿನ ಯುಸಿಸಿಎಫ್ ಅದರದೇ ಹೊಸ ಹೆಸರು.

ಯಾರು ಸರಿ ಎಂಬ ವಾದ ಇನ್ನೂ ಮುಗಿದಿಲ್ಲ. ಸಂಖ್ಯೆಯ ಲೆಕ್ಕದಲ್ಲಿ ಬ್ರಿಟನ್ನಿನ ಎಸ್‌ಸಿಎಂ 1960ರ ದಶಕದ ನಂತರ ಬಹಳ ಕುಗ್ಗಿತು, ಕಿಕ್ಯು ಬಗೆಯ ಸಂಘಗಳು ಬೆಳೆದವು. ಆದರೆ ಸಭೆಗಳ ಐಕ್ಯಕ್ಕಾಗಿ ದುಡಿದ ಇಪ್ಪತ್ತನೆಯ ಶತಮಾನದ ಅನೇಕ ನಾಯಕರನ್ನು ಬೆಳೆಸಿದ್ದು ಎಸ್‌ಸಿಎಂ ಎಂಬುದನ್ನು ಮರೆತು ತೀರ್ಪು ಕೊಡುವುದು ನ್ಯಾಯವಲ್ಲ.

ನಂಬಿಕೆಯ ಹೇಳಿಕೆಯಲ್ಲಿ ಏನಿದೆ? ಅದಕ್ಕೆ ಎಲ್ಲರೂ ಸಹಿ ಹಾಕಬೇಕೇ?

ಯುಸಿಸಿಎಫ್‌ನ ಹೇಳಿಕೆಯಲ್ಲಿ ಹನ್ನೊಂದು ಅಂಶಗಳಿವೆ. ತ್ರಿಯೇಕ ದೇವರು, ಸತ್ಯವೇದದ ಪರಮಾಧಿಕಾರ, ಮನುಷ್ಯರ ಪಾಪಸ್ಥಿತಿ, ಪಾಪಿಗಳಿಗೆ ಬದಲಾಗಿ ಕ್ರಿಸ್ತನ ಮರಣ, ಆತನ ಶಾರೀರಿಕ ಪುನರುತ್ಥಾನ, ನಂಬಿಕೆಯಿಂದ ಮಾತ್ರವೇ ನೀತಿವಂತರೆನಿಸಿಕೊಳ್ಳುವುದು, ಕ್ರಿಸ್ತನ ಪುನರಾಗಮನ ಮುಂತಾದವು ಅದರಲ್ಲಿ ಸೇರಿವೆ. ಕೂಟಗಳಿಗೆ ಬರುವವರು ಯಾವುದಕ್ಕೂ ಸಹಿ ಹಾಕಬೇಕಿಲ್ಲ. ಪದಾಧಿಕಾರಿಗಳೂ ಬೋಧಿಸುವವರೂ ಈ ಹೇಳಿಕೆಯನ್ನು ಒಪ್ಪಬೇಕು.

ಹೇಳಿಕೆಯಲ್ಲಿ ಏನಿಲ್ಲ ಎಂಬುದೂ ಮುಖ್ಯ. ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಹುದೇ, ಸಭೆಗೆ ಬಿಷಪ್ ಬೇಕೇ, ಅನ್ಯಭಾಷೆಗಳನ್ನಾಡುವ ವರ ಇಂದಿಗೂ ಉಂಟೇ ಎಂಬ ಪ್ರಶ್ನೆಗಳನ್ನು ಅದು ಬೇಕೆಂದೇ ಬಿಟ್ಟಿದೆ. ಹಾಗಾಗಿ ಊರಿನಲ್ಲಿ ಬೇರೆ ಬೇರೆ ಸಭೆಗಳಿಗೆ ಹೋಗುವ ಆಂಗ್ಲಿಕನ್, ಬ್ಯಾಪ್ಟಿಸ್ಟ್, ಪೆಂಟೆಕೋಸ್ಟಲ್ ವಿದ್ಯಾರ್ಥಿಗಳು ಇಲ್ಲಿ ಒಟ್ಟಿಗೆ ಕೂರಲು ಸಾಧ್ಯವಾಗುತ್ತದೆ. ಬೆಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಿಂದ ಹೋದವರಿಗೆ ಇದರಲ್ಲಿ ಕಸಿವಿಸಿಯಾಗುವಂಥದ್ದು ಹೆಚ್ಚೇನೂ ಇರದು.

ಹಾಗಾದರೆ ಇದು ಸಭೆಯೇ? ಭಾನುವಾರದ ಆರಾಧನೆಗೆ ಇಲ್ಲಿಗೆ ಹೋದರೆ ಸಾಕೇ?

ಅಲ್ಲ, ಸಾಲದು. ಸಂಘವು ದೀಕ್ಷಾಸ್ನಾನ ಕೊಡುವುದಿಲ್ಲ, ಸಭೆಯ ಸ್ಥಾನವನ್ನು ತಾನು ತುಂಬುವುದಾಗಿ ಹೇಳಿಕೊಳ್ಳುವುದೂ ಇಲ್ಲ. ಸದಸ್ಯರು ಊರಿನ ಯಾವುದಾದರೂ ಸಭೆಗೆ ಸೇರಬೇಕೆಂದು ಅದೇ ಒತ್ತಾಯಿಸುತ್ತದೆ. ಇದಲ್ಲದೆ ಬಹುತೇಕ ಹಳೆಯ ಕಾಲೇಜುಗಳಿಗೆ ತಮ್ಮದೇ ಪ್ರಾರ್ಥನಾಮಂದಿರವೂ ಅಲ್ಲಿನ ಪಾದ್ರಿಗಳೂ ಇದ್ದಾರೆ. ಕಷ್ಟ ಬಂದಾಗ, ಮನಸ್ಸು ಕುಗ್ಗಿದಾಗ, ಯಾವ ಧರ್ಮದ ವಿದ್ಯಾರ್ಥಿಯಾದರೂ ಈ ಪಾದ್ರಿಗಳ ಬಾಗಿಲು ತಟ್ಟಬಹುದು. ಇಂಥ ಸಂದರ್ಭದಲ್ಲಿ ಹತ್ತೊಂಬತ್ತರ ಹರೆಯದ ಗುಂಪಿನ ನಾಯಕನಿಗಿಂತ ಅವರ ಬಳಿಗೆ ಹೋಗುವುದೇ ಒಳ್ಳೆಯದು.

ವಾರದ ಕಾರ್ಯಕ್ರಮಗಳು ಹೇಗಿರುತ್ತವೆ? ಓದಿಗೆ ಅಡ್ಡಿಯಾಗುವುದಿಲ್ಲವೇ?

ಕಾಲೇಜಿನ ಗುಂಪಿನಲ್ಲಿ ಸತ್ಯವೇದದ ಅಧ್ಯಯನ, ಎಲ್ಲರೂ ಸೇರುವ ಕೂಟ, ಪ್ರಾರ್ಥನೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸಾರ್ವಜನಿಕ ಉಪನ್ಯಾಸ, ಸ್ಥೂಲವಾಗಿ ಇಷ್ಟು. ಉಪನ್ಯಾಸಗಳ ವಿಷಯ ಬಹುಮಟ್ಟಿಗೆ ಪ್ರಶ್ನೆಯ ರೂಪದಲ್ಲಿರುತ್ತದೆ: ದೇವರಿದ್ದರೆ ಸಂಕಟವೇಕೆ, ವಿಜ್ಞಾನ ಧರ್ಮವನ್ನು ಅಲ್ಲಗಳೆದಿದೆಯೇ ಎಂಬಂಥವು. ವರ್ಷಕ್ಕೊಮ್ಮೆ ಒಂದು ವಾರವಿಡೀ ಸುವಾರ್ತಾ ಕೂಟಗಳು ನಡೆಯುತ್ತವೆ. ಹಿಂದೆ ಇಂಥ ಕೂಟಗಳಿಗೆ ಜಾನ್ ಸ್ಟಾಟ್, ಬಿಲ್ಲಿ ಗ್ರಹಾಂ ಅಂಥವರು ಬಂದಿದ್ದಾರೆ. 1955ರ ನವೆಂಬರ್‌ನಲ್ಲಿ ಬಂದ ಗ್ರಹಾಂ, ಕೇಂಬ್ರಿಜ್ ಎಂಬ ಅಳುಕಿನಿಂದ ಮೊದಲ ದಿನಗಳಲ್ಲಿ ಪಾಂಡಿತ್ಯದ ಮಾತುಗಳನ್ನಾಡಿ, ಅದು ನಾಟದೆ ಹೋದಾಗ ತಮ್ಮ ಎಂದಿನ ಸರಳ ಶೈಲಿಗೆ ಮರಳಿದರಂತೆ.

ಕೇಂಬ್ರಿಜ್‌ನಲ್ಲಿ ವರ್ಷಕ್ಕೆ ಮೂರು ಅವಧಿಗಳು, ಒಂದೊಂದರಲ್ಲಿ ಬೋಧನೆ ಎಂಟೇ ವಾರ. ಕೆಲಸದ ಒತ್ತಡ ಬಹಳ. ಸಾಮಾನ್ಯ ಸದಸ್ಯರಿಗೆ ವಾರದಲ್ಲಿ ಒಂದೆರಡು ಸಂಜೆಗಳು ಹೊರೆಯಾಗಲಾರವು. ಪದಾಧಿಕಾರಿಯಾಗಲು ಒಪ್ಪುವವರು ಮಾತ್ರ ಮಾರ್ಗದರ್ಶಕರೊಡನೆ ಮಾತನಾಡಿ ಒಪ್ಪುವುದು ಉಚಿತ, ಏಕೆಂದರೆ ಆ ಹೊಣೆ ನಿಜಕ್ಕೂ ಸಮಯ ತಿನ್ನುತ್ತದೆ.

ನಮ್ಮ ಮಗಳು ಕ್ರೈಸ್ತಳಲ್ಲ. ಅವಳು ಹೋಗಬಹುದೇ? ಅಲ್ಲಿ ಮತಾಂತರ ಮಾಡುತ್ತಾರೆಯೇ?

ಹೋಗಬಹುದು, ಉಪನ್ಯಾಸಗಳು ಎಲ್ಲರಿಗೂ ತೆರೆದಿರುತ್ತವೆ. ಎರಡನೆಯ ಪ್ರಶ್ನೆಗೆ ಸುತ್ತಿಬಳಸದೆ ಉತ್ತರಿಸಬೇಕು. ವಿಶ್ವವಿದ್ಯಾಲಯದ ಪ್ರತಿಯೊಬ್ಬರಿಗೂ ಯೇಸು ಕ್ರಿಸ್ತನನ್ನು ಪರಿಚಯಿಸುವುದು ಈ ಸಂಘದ ಘೋಷಿತ ಉದ್ದೇಶ. ಕೇಳಿದವರು ನಂಬಬೇಕೆಂದು ಅವರು ಹಾರೈಸುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಂಬದವರು ಎದ್ದು ನಿಂತು ಎದುರು ಪ್ರಶ್ನೆ ಕೇಳಲು ಅವಕಾಶವಿರುತ್ತದೆ. ಅದಕ್ಕೆಂದೇ ಸಮಯ ಮೀಸಲಿಡುತ್ತಾರೆ.

ಬ್ರಿಟನ್ನಿನ ಕ್ರೈಸ್ತ ವಿದ್ಯಾರ್ಥಿ ಸಂಘಗಳಲ್ಲಿ ಒಂದು ರೂಢಿಯಿದೆ. ರಾತ್ರಿ ಹೊತ್ತು ಯಾರಾದರೂ ಕ್ರೈಸ್ತ ನಂಬಿಕೆಯ ಬಗ್ಗೆ ಒಂದು ಪ್ರಶ್ನೆಯನ್ನು ಮೊಬೈಲಿನಲ್ಲಿ ಬರೆದು ಕಳಿಸಿದರೆ, ಸಂಘದವರು ಚೀಸ್ ಹಾಕಿದ ಬಿಸಿ ಟೋಸ್ಟ್ ಹಿಡಿದುಕೊಂಡು ಅವರ ಕೋಣೆಗೇ ಬಂದು ಉತ್ತರಿಸುತ್ತಾರೆ. ಅಲ್ಲಿ ಇದು ನಗುವಿನ ವಿಷಯ. ಎಲ್ಲ ಸಂಘಗಳೂ ಹೊಸಬರಿಗೆ ಏನಾದರೊಂದು ತಿನ್ನಿಸುತ್ತವೆ. ಇದನ್ನೇ ಕರ್ನಾಟಕದ ಒಂದು ವಿದ್ಯಾರ್ಥಿನಿಲಯದಲ್ಲಿ ಮಾಡಿದರೆ ಆಮಿಷ ಎಂಬ ಆರೋಪ ಬರಲು ತಡವಾಗದು. ಹಸಿವಿಲ್ಲದವನ ಕೈಗೆ ಕೊಟ್ಟ ಟೋಸ್ಟಿಗೂ ಹಸಿದವನ ಮುಂದೆ ಷರತ್ತಿನೊಂದಿಗೆ ಇಟ್ಟ ಅನ್ನಕ್ಕೂ ವ್ಯತ್ಯಾಸವಿದೆ ಎಂಬುದನ್ನು ಎರಡೂ ಕಡೆಯವರು ಒಪ್ಪಬಹುದೆಂದು ಭಾವಿಸುತ್ತೇನೆ. ಮನೆಯಿಂದ ದೂರವಿದ್ದು ಒಂಟಿತನ ಅನುಭವಿಸುವ ಹೊರದೇಶದ ವಿದ್ಯಾರ್ಥಿಗೆ ಗೆಳೆತನದ ಹಸಿವೂ ಇರುತ್ತದೆ. ಹೀಗಾಗಿ ಕೂಟಕ್ಕೆ ಬರುವುದನ್ನು ನಿಲ್ಲಿಸಿದ ಮೇಲೂ ಗೆಳೆತನ ಉಳಿಯುತ್ತದೆಯೇ ಎಂಬುದನ್ನು ನೋಡಿಕೊಳ್ಳಬೇಕು.

ಕಥೋಲಿಕರು ಸೇರಬಹುದೇ?

ಕೂಟಗಳಿಗೆ ಬರಬಹುದು. ಆದರೆ ನಂಬಿಕೆಯಿಂದ ಮಾತ್ರ ಎಂಬಂಥ ಅಂಶಗಳಿರುವುದರಿಂದ ಪದಾಧಿಕಾರಿಯಾಗಿ ಸಹಿ ಹಾಕಲು ಕಥೋಲಿಕರ ಮನಸ್ಸಾಕ್ಷಿ ಸಾಮಾನ್ಯವಾಗಿ ಒಪ್ಪದು. ಮಂಗಳೂರಿನ ಕಡೆಯ ಕಥೋಲಿಕ ವಿದ್ಯಾರ್ಥಿಗಳಿಗೆ ಕೇಂಬ್ರಿಜ್‌ನಲ್ಲಿ ಫಿಶರ್ ಹೌಸ್ ಎಂಬ ಕಥೋಲಿಕ ಕೇಂದ್ರವಿದೆ.

ಇಂಥ ಸಂಘಗಳ ಮೇಲೆ ವಿವಾದಗಳೇಕೆ?

ನಾಯಕರು ನಿರ್ದಿಷ್ಟ ನಂಬಿಕೆಗೆ ಸಹಿ ಹಾಕಬೇಕೆಂಬ ನಿಯಮವೇ ಹೆಚ್ಚಿನ ವಿವಾದಗಳ ಬೇರು. ಎಲ್ಲ ವಿದ್ಯಾರ್ಥಿಗಳ ಹಣ ಮತ್ತು ಸೌಕರ್ಯಗಳನ್ನು ಬಳಸುವ ಸಂಘದಲ್ಲಿ ಯಾರು ಬೇಕಾದರೂ ನಾಯಕರಾಗುವಂತಿರಬೇಕು ಎಂಬುದು ಒಂದು ವಾದ. ನಂಬಿಕೆಯಿಲ್ಲದವರು ನಡೆಸುವ ನಂಬಿಕೆಯ ಸಂಘಕ್ಕೆ ಅರ್ಥವಿಲ್ಲ ಎಂಬುದು ಇನ್ನೊಂದು. ಲೈಂಗಿಕ ನೀತಿಯ ಬಗ್ಗೆ ಈ ಸಂಘಗಳು ತಳೆದಿರುವ ಸಾಂಪ್ರದಾಯಿಕ ನಿಲುವು ಇದನ್ನು ಮತ್ತಷ್ಟು ಬಿಸಿಯಾಗಿಸಿದೆ. ಅಮೆರಿಕದಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿತು. ಕ್ಯಾಲಿಫೋರ್ನಿಯದ ಹೇಸ್ಟಿಂಗ್ಸ್ ಕಾನೂನು ಕಾಲೇಜಿನ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2010ರಲ್ಲಿ ನಾಲ್ವರ ವಿರುದ್ಧ ಐವರ ಬಹುಮತದಿಂದ ಮೊದಲನೆಯ ವಾದವನ್ನು ಎತ್ತಿಹಿಡಿಯಿತು: ಎಲ್ಲ ಸಂಘಗಳಿಗೂ ಒಂದೇ ನಿಯಮವಿದ್ದರೆ ಕ್ರೈಸ್ತ ಸಂಘಕ್ಕೂ ಅದು ಅನ್ವಯಿಸಬಹುದು ಎಂದಿತು. ಐಯೊವಾ ವಿಶ್ವವಿದ್ಯಾಲಯವು ನಿಯಮವನ್ನು ಕೆಲವು ಸಂಘಗಳಿಗೆ ಮಾತ್ರ ಬಿಗಿಯಾಗಿ ಅನ್ವಯಿಸಿದ್ದರಿಂದ, 2021ರಲ್ಲಿ ಮೇಲ್ಮನವಿ ನ್ಯಾಯಾಲಯವು ಕ್ರೈಸ್ತ ಸಂಘದ ಪರವಾಗಿ ತೀರ್ಪಿತ್ತಿತು.

ಬ್ರಿಟನ್ನಿನಲ್ಲಿ 2010ರ ಸಮಾನತೆಯ ಕಾನೂನು ಧಾರ್ಮಿಕ ಸಂಘಗಳಿಗೆ ಸದಸ್ಯತ್ವದ ವಿಷಯದಲ್ಲಿ ಒಂದಷ್ಟು ವಿನಾಯಿತಿ ನೀಡಿದೆ. ಹಾಗಿದ್ದೂ 2017ರಲ್ಲಿ ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿನ ವಿದ್ಯಾರ್ಥಿ ಸಮಿತಿಯು ಹೊಸಬರ ಮೇಳದಿಂದ ಕ್ರೈಸ್ತ ಸಂಘವನ್ನು ಹೊರಗಿಟ್ಟಿತು. ಬೇರೆ ನಂಬಿಕೆಯವರಿಗೆ ನೋವಾದೀತು ಎಂಬುದು ಅವರು ಕೊಟ್ಟ ಕಾರಣ. ಅದೇ ಕಾಲೇಜಿನ ವಿದ್ಯಾರ್ಥಿಗಳು ಈ ನಿರ್ಧಾರವನ್ನು ಖಂಡಿಸಿ ನಿರ್ಣಯ ಮಾಡಿದರು. ವಿದ್ಯಾರ್ಥಿಗಳು ಮಾಡಿದ ತಪ್ಪನ್ನು ವಿದ್ಯಾರ್ಥಿಗಳೇ ತಿದ್ದಿದ್ದು ನನಗೆ ಕಾನೂನಿಗಿಂತ ಮೆಚ್ಚುಗೆಯಾಯಿತು.

ಭಾರತದಲ್ಲಿ, ಕರ್ನಾಟಕದಲ್ಲಿ ಇಂಥ ಸಂಘಗಳಿವೆಯೇ?

ಇವೆ, ಕೇಂಬ್ರಿಜ್‌ನ ಒಡಕಿನ ಎರಡೂ ಕವಲುಗಳು ಇಲ್ಲಿಗೆ ಬಂದಿವೆ. ಎಸ್‌ಸಿಎಂನ ಭಾರತೀಯ ಶಾಖೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಕಿಕ್ಯು ಪರಂಪರೆಗೆ ಹತ್ತಿರವಾದ ಯುಇಎಸ್ಐ (ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ) 1954ರಲ್ಲಿ ಆರಂಭವಾಯಿತು, ಪಿ. ಟಿ. ಚಂದಪಿಳ್ಳ ಅದರ ಮೊದಲ ಪ್ರಧಾನ ಕಾರ್ಯದರ್ಶಿ. ಕಾಲೇಜುಗಳಲ್ಲಿ ಅದರ ಗುಂಪುಗಳನ್ನು ‘ಇಯು’ ಎಂದೂ ಪದವಿ ಮುಗಿಸಿದವರ ಗುಂಪನ್ನು ‘ಇಜಿಎಫ್’ ಎಂದೂ ಕರೆಯುತ್ತಾರೆ. ಯುಇಎಸ್ಐ ಮತ್ತು ಯುಸಿಸಿಎಫ್ ಎರಡೂ 1947ರಲ್ಲಿ ರೂಪುಗೊಂಡ ಐಎಫ್ಇಎಸ್ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯರು. ಕಥೋಲಿಕ ವಿದ್ಯಾರ್ಥಿಗಳ ಸಂಘಟನೆಯಾದ ಐಕಫ್ 1924ರಷ್ಟು ಹಳೆಯದು.

ನಡೆಯುವ ರೀತಿ ಮಾತ್ರ ಬೇರೆ. ಸರ್ಕಾರದ ಹಣದಿಂದಲೇ ಪೂರ್ತಿಯಾಗಿ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಸಂಘ ಕಟ್ಟುವ ಹಕ್ಕನ್ನು 19ನೆಯ ವಿಧಿ ಕೊಡುತ್ತದೆ. ಇವೆರಡರ ನಡುವೆ ಇಲ್ಲಿನ ವಿದ್ಯಾರ್ಥಿಗಳು ಹೆಚ್ಚಾಗಿ ಆವರಣದ ಹೊರಗೆ, ಯಾರದಾದರೂ ಮನೆಯಲ್ಲೋ ಹತ್ತಿರದ ಚರ್ಚಿನ ಕೊಠಡಿಯಲ್ಲೋ ಸೇರುತ್ತಾರೆ. ಕೇಂಬ್ರಿಜ್‌ನಲ್ಲಿ ಹೊರಗಿನ ಸಲಹೆಗಾರರು ಅಂಚಿನಲ್ಲಿರುತ್ತಾರೆ; ಇಲ್ಲಿ ಪದವೀಧರ ಅಣ್ಣ, ಅಕ್ಕಂದಿರೇ ಮನೆಯಿಂದ ಸಾಂಬಾರು ಅನ್ನ ಮಾಡಿ ತಂದು, ಕೂಟವನ್ನೂ ಮುಂದೆ ನಿಂತು ನಡೆಸಿಕೊಡುವುದುಂಟು. ಇದರಿಂದ ಆಸರೆ ಹೆಚ್ಚುತ್ತದೆ, ವಿದ್ಯಾರ್ಥಿಗಳು ತಾವೇ ತಪ್ಪಿ ತಾವೇ ಕಲಿಯುವ ಅವಕಾಶ ತುಸು ಕಡಿಮೆಯಾಗುತ್ತದೆ.

ಯುಇಎಸ್ಐನಲ್ಲಿದ್ದವರು ಕೇಂಬ್ರಿಜ್‌ಗೆ ಹೋದಾಗ ಏನು ಮಾಡಬೇಕು?

ಸದಸ್ಯತ್ವವನ್ನು ವರ್ಗಾಯಿಸಿಕೊಳ್ಳುವ ಗೋಜಿಲ್ಲ. ತಮ್ಮ ಕಾಲೇಜಿನ ಗುಂಪಿನ ಪ್ರತಿನಿಧಿ ಯಾರೆಂದು ಹೊಸಬರ ಮೇಳದಲ್ಲಿ ವಿಚಾರಿಸಿ, ಮೊದಲ ವಾರದ ಕೂಟಕ್ಕೆ ಹೋದರೆ ಸಾಕು. ಅಲ್ಲಿನವರು ಪ್ರಾರ್ಥನೆಯಲ್ಲಿ ಹೆಚ್ಚು ದನಿ ಎತ್ತುವುದಿಲ್ಲ, ಕೂಟವನ್ನು ಹೇಳಿದ ಹೊತ್ತಿಗೆ ಮುಗಿಸುತ್ತಾರೆ. ಇವೆರಡಕ್ಕೂ ಒಗ್ಗಿಕೊಳ್ಳಲು ನಮ್ಮವರಿಗೆ ಸ್ವಲ್ಪ ಕಾಲ ಹಿಡಿಯಬಹುದು. ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳು, ಮೊದಲ ವರ್ಷದ ಪದವಿ ವಿದ್ಯಾರ್ಥಿಗಳಿಂದ ತುಂಬಿದ ಗುಂಪಿಗಿಂತ, ತಮ್ಮ ವಯಸ್ಸಿನವರು ಸೇರುವ ಗುಂಪು ಯಾವುದಾದರೂ ಊರಿನ ಸಭೆಯಲ್ಲಿದೆಯೇ ಎಂದು ಜೊತೆಗೇ ವಿಚಾರಿಸಿಕೊಳ್ಳುವುದು ಮೇಲು.